ಸಸಿ ಎಲೆಯಲ್ಲಿ ಚುಕ್ಕಿ ಕಂಡರೆ ಮೊದಲು ನೀರು ಹಾಕುವ ಹೊತ್ತು ನೋಡಿ

ಮಳೆ ಹಿಡಿದುಕೊಂಡರೆ ಸಾಕು, ನನ್ನ ಫೋನಿಗೆ ಎಲೆಗಳ ಫೋಟೋ ಬರಲು ಶುರು. ಹಲಸಿನ ಕಸಿ ಗಿಡ, ಅಡಿಕೆ ಸಸಿ, ಮಾವಿನ ಚಿಗುರು, ತೇಗ, ಹೊಂಗೆ, ನಡುನಡುವೆ ಯಾವುದೋ ಕಾಡುಜಾತಿ. ಫೋಟೋದ ಕೆಳಗೆ ಒಂದೇ ಸಾಲು: "ಯಾವ ಔಷಧಿ ಹೊಡೀಬೇಕು ಹೇಳಿ ಮಾರಾಯ್ರೆ." ಎಲೆಯ ಮೇಲ್ಭಾಗ ಮಾತ್ರ ತೆಗೆದಿರುತ್ತಾರೆ, ಅದೂ ಒಂದೇ ಎಲೆ. ಗಿಡ ಎಲ್ಲಿದೆ, ಪಕ್ಕದ ಗಿಡ ಹೇಗಿದೆ, ಚುಕ್ಕಿ ಮೊದಲು ಎಲ್ಲಿ ಶುರುವಾಯಿತು, ಏನೂ ಗೊತ್ತಾಗುವುದಿಲ್ಲ.

ನಾನು ವಾಪಸ್ ಕೇಳುವುದು ಎರಡೇ. ನೀರು ಎಷ್ಟು ಹೊತ್ತಿಗೆ ಹಾಕ್ತೀರಿ? ಸಸಿಯ ಪ್ಲಾಸ್ಟಿಕ್ ಪ್ಯಾಕೆಟ್ ಎಷ್ಟು ಒತ್ತಾಗಿ ಇಟ್ಟಿದ್ದೀರಿ? ಕೆಲವರಿಗೆ ಇದನ್ನು ಕೇಳಿ ಸಿಟ್ಟು ಬರುತ್ತದೆ. ಔಷಧಿ ಹೆಸರು ಕೇಳಿದರೆ ಇವನು ನೀರಿನ ಲೆಕ್ಕ ಕೇಳ್ತಾನಲ್ಲ ಅಂತ. ಆದರೆ ಮರದ ಸಸಿಗಳ ನರ್ಸರಿಯಲ್ಲಿ ಎಲೆರೋಗ ಅಂದರೆ ಮುಕ್ಕಾಲು ಪಾಲು ನೀರಿನ ಲೆಕ್ಕವೇ. ಅದನ್ನು ಸ್ವಲ್ಪ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ.

ಶಿಲೀಂಧ್ರದ ಬೀಜಾಣು ಎಲೆ ಮೇಲೆ ಬಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಗಾಳಿಯಲ್ಲಿ, ಮಣ್ಣಿನಲ್ಲಿ, ಬಿದ್ದ ತರಗೆಲೆಯಲ್ಲಿ ಅವು ಯಾವಾಗಲೂ ಇದ್ದೇ ಇರುತ್ತವೆ. ಬಿದ್ದದ್ದು ಮೊಳೆಯಬೇಕು. ಮೊಳೆಯಬೇಕಾದರೆ ಎಲೆ ಮೇಲೆ ನೀರಿನ ತೆಳು ಪದರ ಹಲವು ತಾಸು ಬಿಡದೆ ನಿಲ್ಲಬೇಕು. ಆಗ ಬೀಜಾಣುವಿನಿಂದ ಕೂದಲಿಗಿಂತ ಸಣ್ಣ ಒಂದು ಕೊಳವೆ ಹೊರಡುತ್ತದೆ, ಎಲೆಯ ಉಸಿರಾಟದ ರಂಧ್ರ ಹುಡುಕಿಕೊಂಡು ಒಳಗೆ ಇಳಿಯುತ್ತದೆ. ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರದ ಥರದವು ರಂಧ್ರಕ್ಕೂ ಕಾಯುವುದಿಲ್ಲ. ಎಲೆಗೆ ಗಟ್ಟಿಯಾಗಿ ಅಂಟಿಕೊಂಡು, ಒತ್ತಡ ಹಾಕಿ, ನೇರ ಸಿಪ್ಪೆಯನ್ನೇ ಚುಚ್ಚಿ ಒಳಗೆ ಹೋಗುತ್ತವೆ. ನಡುವೆ ಎಲೆ ಒಣಗಿದರೆ ಎಳೆ ಕೊಳವೆಯಲ್ಲಿ ಬಹಳಷ್ಟು ಅಲ್ಲೇ ಸಾಯುತ್ತವೆ. ಒಳಗೆ ಹೋಗಿ ಸೇರಿಕೊಂಡ ಮೇಲೆ ಎಲೆ ಒಣಗಿಸಿ ಪ್ರಯೋಜನ ಇಲ್ಲ. ಕಣ್ಣಿಗೆ ಚುಕ್ಕಿ ಕಾಣುವುದು ಇನ್ನೂ ಕೆಲವು ದಿನ ಕಳೆದ ಮೇಲೆ. ಅಂದರೆ ಇವತ್ತು ಕಂಡ ಚುಕ್ಕಿ ಹೋದ ವಾರವೋ ಅದರ ಹಿಂದಿನ ವಾರವೋ ನಿಂತ ನೀರಿನದ್ದು.

ಈಗ ಲೆಕ್ಕ ಹಾಕಿ. ಸಂಜೆ 6 ಗಂಟೆಗೆ ರೋಸ್ ಕ್ಯಾನ್ ಹಿಡಿದು ಎಲೆ ಮೇಲಿಂದ ನೀರು ಹಾಕಿದಿರಿ. ಬಿಸಿಲು ಹೋಯಿತು, ಗಾಳಿಯೂ ನಿಂತಿತು. ಆ ನೀರು ಆರುವ ಮೊದಲೇ ಇಬ್ಬನಿ ಬೀಳುತ್ತದೆ. ಬೆಳಿಗ್ಗೆ 9 ಗಂಟೆಗೆ ಬಿಸಿಲು ಮಡಿಗೆ ತಾಗುವವರೆಗೆ ಎಲೆ ಒದ್ದೆ. 15 ತಾಸು ಆಯಿತು. ಅದೇ ನೀರನ್ನು ಬೆಳಿಗ್ಗೆ 8 ಗಂಟೆಗೆ ಹಾಕಿದರೆ? ಹೇಗೂ ಇಬ್ಬನಿಯಿಂದ ಒದ್ದೆ ಇದ್ದ ಎಲೆ, ಇನ್ನೊಂದೆರಡು ತಾಸಿನಲ್ಲಿ ಎರಡೂ ಒಟ್ಟಿಗೆ ಆರುತ್ತದೆ. ನೀರು ಅಷ್ಟೇ, ಕೂಲಿ ಅಷ್ಟೇ, ಹೊತ್ತು ಮಾತ್ರ ಬೇರೆ.

ನಮ್ಮಲ್ಲಿ ನೀರು ಹಾಕುವ ಅಕ್ಕನಿಗೆ ಇದನ್ನು ಹೇಳಿದಾಗ, "ಸಂಜೆ ತಂಪು ಹೊತ್ತಲ್ವಾ ತಮ್ಮ, ಬಿಸಿಲಿಗೆ ಬಾಡಿದ ಗಿಡಕ್ಕೆ ಆಗ ಹಾಕಿದ್ರೆ ರಾತ್ರಿಯೆಲ್ಲ ಕುಡೀತಾವೆ" ಅಂದರು. ಅದರಲ್ಲಿ ತಪ್ಪಿಲ್ಲ. ಏಪ್ರಿಲ್‌ನಲ್ಲಿ, ಒಣ ಗಾಳಿ ಬೀಸುವಾಗ, ಸಂಜೆ ಹಾಕಿದ ನೀರು ಅರ್ಧ ತಾಸಿಗೆ ಎಲೆಯಿಂದ ಆರಿಹೋಗುತ್ತದೆ. ಆಗ ಸಂಜೆಯೇ ಒಳ್ಳೆಯದು. ತೊಂದರೆ ಇರುವುದು ಮಳೆಗಾಲದ ಬಿಡುವಿನ ದಿನಗಳಲ್ಲಿ, ಆಮೇಲೆ ಅಕ್ಟೋಬರಿನಿಂದ ಜನವರಿಯವರೆಗಿನ ಇಬ್ಬನಿ ಕಾಲದಲ್ಲಿ. ವರ್ಷವಿಡೀ ಒಂದೇ ಹೊತ್ತು ಅಂತ ನಿಯಮ ಮಾಡಿಕೊಂಡವರಿಗೇ ಎಲೆರೋಗ ಜಾಸ್ತಿ.

ಎರಡನೆಯದು ಒತ್ತು. ಪ್ಯಾಕೆಟ್‌ಗಳನ್ನು ಮಡಿಯಲ್ಲಿ ಒಂದಕ್ಕೊಂದು ತಾಗಿಸಿ ಇಡುವುದು ವಾಡಿಕೆ, ಜಾಗ ಉಳಿಯುತ್ತದೆ, ನೀರೂ ಉಳಿಯುತ್ತದೆ. ಸಸಿ ಗೇಣುದ್ದ ಇರುವವರೆಗೆ ಪರವಾಗಿಲ್ಲ. ಮೊಣಕಾಲೆತ್ತರ ಬಂದ ಮೇಲೂ ಹಾಗೇ ಬಿಟ್ಟರೆ ಮಡಿ ನಡುವೆ ಬೇರೆಯದೇ ಹವಾಮಾನ. ಇದನ್ನು ನೋಡಬೇಕಿದ್ದರೆ ಮಳೆ ಬಿಟ್ಟ ದಿನ ಬೆಳಿಗ್ಗೆ 11 ಗಂಟೆ ಸುಮಾರಿಗೆ ಮಡಿ ಪಕ್ಕ ಕೂತು ಕೈಯನ್ನು ಎಲೆಗಳ ಅಡಿಯಲ್ಲಿ ಮೊಣಕೈವರೆಗೆ ತೂರಿಸಿ. ಹೊರಗಿನ ಸಾಲಿನ ಎಲೆ ಒಣಗಿ ಬೆಚ್ಚಗಿರುತ್ತದೆ. ಒಳಗಿನ ಮೂರನೇ ನಾಲ್ಕನೇ ಸಾಲಿನ ಕೆಳ ಎಲೆ ಕೈಗೆ ತಣ್ಣಗೆ ಒದ್ದೆಯಾಗಿ ಅಂಟುತ್ತದೆ. ಕೈ ಹೊರಗೆ ತೆಗೆದರೆ ಬೆರಳಿಗೆ ಕೊಳೆತ ಎಲೆಯ ಚೂರು ಮೆತ್ತಿಕೊಂಡಿರುತ್ತದೆ. ರೋಗ ಶುರುವಾಗುವುದು ಅಲ್ಲಿ. ದಾರಿಯಲ್ಲಿ ನಡೆದುಕೊಂಡು ಹೋಗುತ್ತಾ ಮಡಿ ನೋಡುವವರಿಗೆ ಕಾಣುವುದು ಅಂಚಿನ ಸಾಲು ಮಾತ್ರ, ಅಲ್ಲಿ ಚುಕ್ಕಿ ಬರುವ ಹೊತ್ತಿಗೆ ಒಳಗೆ ಕೆಳಗಿನ ಎಲೆಗಳೆಲ್ಲ ಉದುರಿ ಆಗಿರುತ್ತದೆ.

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಪ್ಯಾಕೆಟ್ ಶಿಫ್ಟಿಂಗ್ ಅಂತ ಒಂದು ಕೆಲಸ ಇದೆ. ಆಗಾಗ ಎಲ್ಲ ಪ್ಯಾಕೆಟ್ ಎತ್ತಿ ಜಾಗ ಬದಲಿಸುವುದು, ಎತ್ತರದವನ್ನು ಒಂದು ಕಡೆ, ಗಿಡ್ಡದವನ್ನು ಇನ್ನೊಂದು ಕಡೆ ಜೋಡಿಸುವುದು. ಮಾಡುವುದು ಬೇರು ನೆಲಕ್ಕೆ ಇಳಿಯಬಾರದು ಅಂತ. ಎಲೆರೋಗಕ್ಕೂ ಇದರಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಗಿಡ್ಡ ಸಸಿಗೆ ಬೆಳಕು, ಗಾಳಿ ಸಿಗುತ್ತದೆ. ಪ್ರತಿಯೊಂದು ಗಿಡವೂ ಒಮ್ಮೆ ಕೈಗೆ ಬರುತ್ತದೆ, ಚುಕ್ಕಿ ಎಲೆ ಕಂಡರೆ ಅಲ್ಲೇ ಚಿವುಟಿ ಬಕೆಟ್‌ಗೆ ಹಾಕಬಹುದು. ಮಡಿಯಲ್ಲಿ ಬಿದ್ದ ತರಗೆಲೆಯನ್ನೂ ಗುಡಿಸಬಹುದು. ಖಾಸಗಿ ನರ್ಸರಿಗಳಲ್ಲಿ ಆಳಿನ ಖರ್ಚು ನೋಡಿ ಇದನ್ನೇ ಮೊದಲು ಬಿಡುತ್ತಾರೆ, ಆಮೇಲೆ ಅದರ ಎರಡು ಪಟ್ಟು ದುಡ್ಡು ಔಷಧಿ ಅಂಗಡಿಗೆ ಕೊಡುತ್ತಾರೆ.

ಚಿವುಟಿದ ಎಲೆಯನ್ನು ಮಡಿ ಪಕ್ಕವೇ ರಾಶಿ ಹಾಕಬೇಡಿ. ದಯವಿಟ್ಟು.

ಇನ್ನು ಹರಡುವ ರೀತಿ. ಎಲ್ಲ ಶಿಲೀಂಧ್ರ ಒಂದೇ ಥರ ಹರಡುವುದಿಲ್ಲ. ಇದು ಗೊತ್ತಿದ್ದರೆ ಅರ್ಧ ಕೆಲಸ ಸುಲಭ. ತುಕ್ಕು ರೋಗ, ಬೂದಿ ರೋಗ ಇವುಗಳ ಬೀಜಾಣು ಒಣ ಪುಡಿ, ಗಾಳಿಗೆ ಹಾರುತ್ತದೆ. ಎಲೆಚುಕ್ಕಿ ಮಾಡುವ ಕೊಲೆಟೋಟ್ರೈಕಮ್, ಫಿಲೋಸ್ಟಿಕ್ಟಾ ಇವುಗಳ ಬೀಜಾಣು ಲೋಳೆಯಲ್ಲಿ ಮುದ್ದೆಯಾಗಿರುತ್ತದೆ, ಗಾಳಿಗೆ ಏಳುವುದಿಲ್ಲ. ಅದಕ್ಕೆ ನೀರಿನ ಹನಿ ಬೇಕು. ಹನಿ ಬಿದ್ದು ಸಿಡಿದಾಗ ಪಕ್ಕದ ಎಲೆಗೆ ಹಾರುತ್ತದೆ. ಹನಿ ದೊಡ್ಡದಾದಷ್ಟೂ ಸಿಡಿಯುವುದು ಜೋರು. ಮಳೆಯ ನೇರ ಹನಿಗಿಂತ ಮರದ ಎಲೆ ತುದಿಯಿಂದಲೋ ಶೇಡ್ ನೆಟ್‌ನ ಜೋತ ಜಾಗದಿಂದಲೋ ತೊಟ್ಟಿಕ್ಕುವ ಹನಿ ದೊಡ್ಡದು. ನೆಟ್ ಜೋತುಬಿದ್ದ ಕಡೆ ಕೆಳಗಿನ ಸಸಿಗಳಲ್ಲಿ ಮಾತ್ರ ವೃತ್ತಾಕಾರವಾಗಿ ರೋಗ ಬಂದಿರುವುದನ್ನು ನೀವೂ ನೋಡಿರಬಹುದು. ಔಷಧಿಗಿಂತ ಮೊದಲು ನೆಟ್ ಬಿಗಿದು ಕಟ್ಟಿ.

ಮಲೆನಾಡಿನ ಅಡಿಕೆ ಸಸಿಗೆ ಇದು ಇನ್ನೂ ಮುಖ್ಯ. 2018-19ರ ಆಚೆಗೆ ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಕಡೆ ಎಲೆಚುಕ್ಕಿ ರೋಗ ತೋಟಗಳನ್ನೇ ಹಿಂಡಿ ಹಾಕಿರುವುದು ಎಲ್ಲರಿಗೂ ಗೊತ್ತು. ಸುತ್ತ ಹಳದಿ ಅಂಚಿನ ಕಂದು ಚುಕ್ಕಿ, ಕೂಡಿಕೊಂಡು ಇಡೀ ಸೋಗೆ ಒಣಗುವುದು. ಕೊಲೆಟೋಟ್ರೈಕಮ್, ಫಿಲೋಸ್ಟಿಕ್ಟಾ, ಪೆಸ್ಟಲೋಟಿಯಾಪ್ಸಿಸ್ ಅಂತ ಒಂದಕ್ಕಿಂತ ಹೆಚ್ಚು ಶಿಲೀಂಧ್ರಗಳು ಇದರಲ್ಲಿ ಸಿಕ್ಕಿವೆ. ನಾವು ಮನೆಮಟ್ಟಿಗೆ ಸಸಿ ಮಾಡುವಾಗ ಏನು ಮಾಡುತ್ತೇವೆ? ತೋಟದೊಳಗೇ, ಮರದ ನೆರಳಿನಲ್ಲಿ, ನೀರು ಹತ್ತಿರ ಅಂತ ಹಳ್ಳದ ಬದಿಯಲ್ಲಿ ಮಡಿ ಮಾಡುತ್ತೇವೆ. ಮೇಲೆ ರೋಗದ ಸೋಗೆ, ಅದರಿಂದ ತೊಟ್ಟಿಕ್ಕುವ ನೀರು, ಕೆಳಗೆ ಎಳೆ ಸಸಿ. ತೋಟದಲ್ಲಿ ಎಲೆಚುಕ್ಕಿ ಇದ್ದರೆ ಸಸಿಮಡಿ ತೋಟದಿಂದ ಹೊರಗೆ, ಬಯಲಿನಲ್ಲಿ, ಶೇಡ್ ನೆಟ್ ಕೆಳಗೆ ಇರಲಿ. ಪೈಪ್ ಎಳೆಯುವ ಖರ್ಚು ಒಂದು ಸಲದ್ದು. ಆ ಸಸಿಯನ್ನು ಹೊಸ ತೋಟಕ್ಕೆ ಒಯ್ದು ನೆಟ್ಟರೆ ರೋಗವನ್ನೂ ಜೊತೆಗೇ ಹೊತ್ತುಕೊಂಡು ಹೋದ ಹಾಗೆ. ಬಯಲುಸೀಮೆಗೆ ಲಾರಿಗಟ್ಟಲೆ ಸಸಿ ಹೋಗುವ ಈ ದಿನಗಳಲ್ಲಿ ಮಾರುವವರೂ ಕೊಳ್ಳುವವರೂ ಇದರ ಬಗ್ಗೆ ಮಾತಾಡುವುದೇ ಇಲ್ಲ ಅನ್ನುವುದು ನನ್ನ ತಕರಾರು.

ತೇಗಕ್ಕೆ ಬರೋಣ. ತೇಗದ ಸಸಿ ನೋಡಲು ನನಗೆ ಯಾವಾಗಲೂ ಇಷ್ಟ, ಯಾಕೆಂದರೆ ಇದರಲ್ಲಿ ಎರಡು ರೋಗ ಎಲೆಯ ಎರಡು ಕಡೆ ಮನೆ ಮಾಡುತ್ತವೆ. ಮಳೆ ಕಮ್ಮಿಯಾಗುವ ಹೊತ್ತಿಗೆ ಎಲೆಯ ಮೇಲೆ ಸಣ್ಣ ಸಣ್ಣ ಬೂದು-ಕಂದು ಮಚ್ಚೆ ಕಾಣುತ್ತದೆ, ಏನೋ ಒಣಗುತ್ತಿದೆ ಅನ್ನಿಸುವಷ್ಟೇ. ತಿರುಗಿಸಿ ನೋಡಿ. ಅಡಿಭಾಗದಲ್ಲಿ ಕಿತ್ತಳೆ-ಹಳದಿ ಗುಳ್ಳೆಗಳು, ಒಡೆದು ಪುಡಿಯಾಗಿರುತ್ತವೆ. ಹೆಬ್ಬೆರಳಿನಿಂದ ಒರೆಸಿದರೆ ಅರಿಶಿನ ಮುಟ್ಟಿದ ಹಾಗೆ ಬೆರಳೆಲ್ಲ ಹಳದಿ. ಒಲಿವಿಯಾ ಟೆಕ್ಟೋನೆ ಅನ್ನುವ ತುಕ್ಕು ಶಿಲೀಂಧ್ರ ಇದು. ನಮ್ಮ ಕಡೆಯದೇ ಹಳೆಯ ರೋಗ. 2000ರ ದಶಕದಲ್ಲಿ ಪನಾಮಾ, ಕೋಸ್ಟರಿಕಾ ಕಡೆಯ ತೇಗದ ತೋಟಗಳಿಗೂ ಹೋಗಿ ಮುಟ್ಟಿತು. ಇನ್ನೊಂದು ಬೂದಿ ರೋಗ. ಅದು ಎಲೆಯ ಮೇಲ್ಭಾಗದಲ್ಲಿ, ಬಿಳಿ-ಬೂದು ಪುಡಿ ಸವರಿದಂತೆ ಕಾಣುತ್ತದೆ.

ದೊಡ್ಡ ತೇಗದ ಮರದಲ್ಲಿ ಈ ಎರಡೂ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಚಳಿಗಾಲ ಕಳೆಯುವಷ್ಟರಲ್ಲಿ ಮರ ಹೇಗೂ ಎಲೆ ಉದುರಿಸುತ್ತದೆ, ಸ್ವಲ್ಪ ಬೇಗ ಉದುರಿತು ಅಷ್ಟೇ. ಮಡಿಯಲ್ಲಿರುವ ಸಸಿಯ ಕಥೆ ಬೇರೆ. ಮುಂದಿನ ಮಳೆಗೆ ಕಿತ್ತು ಸ್ಟಂಪ್ (ಕಾಂಡ, ಬೇರು ಎರಡನ್ನೂ ಮೊಟಕು ಮಾಡಿದ ನೆಡುವ ತುಂಡು) ಮಾಡಬೇಕಾದ ಸಸಿಯ ಬೇರು ದಪ್ಪವಾಗಬೇಕಾದದ್ದು ಇದೇ ತಿಂಗಳುಗಳಲ್ಲಿ. ಎಲೆ ಬೇಗ ಉದುರಿದರೆ ಸ್ಟಂಪ್ ಸಣ್ಣ. ಒತ್ತಾದ ಮಡಿಯನ್ನು ಸಕಾಲಕ್ಕೆ ತೆಳು ಮಾಡುವುದು, ರೋಗದ ಕೆಳ ಎಲೆಯನ್ನು ತೆಗೆಯುವುದು, ಇಷ್ಟು ಮಾಡಿದರೆ ಸಾಮಾನ್ಯವಾಗಿ ಸಾಕು. ತುಕ್ಕು ತೀರಾ ಜಾಸ್ತಿ ಇದ್ದರೆ ಮಾತ್ರ ಔಷಧಿಯ ಮಾತು. ಬೂದಿ ರೋಗಕ್ಕೆ ನೀರಲ್ಲಿ ಕರಗುವ ಗಂಧಕ ಚೆನ್ನಾಗಿ ಕೆಲಸ ಮಾಡುತ್ತದೆ, ಉರಿಬಿಸಿಲಲ್ಲಿ ಹೊಡೆದರೆ ಮಾತ್ರ ಎಲೆ ಸುಡುತ್ತದೆ.

ಹಾಂ, ನೀರಿನ ನಿಯಮಕ್ಕೆ ಬೂದಿ ರೋಗ ಒಂದು ಅಪವಾದ. ಅದರ ಬೀಜಾಣುವಿಗೆ ಎಲೆ ಮೇಲೆ ನೀರು ನಿಲ್ಲುವುದು ಬೇಕಿಲ್ಲ, ನಿಂತರೆ ಅದಕ್ಕೇ ತೊಂದರೆ. ಗಾಳಿಯಲ್ಲಿ ತೇವ ಇದ್ದರೆ ಸಾಕು. ಹಗಲು ಒಣ, ರಾತ್ರಿ ತಂಪು ಇರುವ ದಿನಗಳಲ್ಲಿ, ನೆರಳಿನ ಮೂಲೆಯಲ್ಲಿ ಇದು ಏಳುತ್ತದೆ. ಸುರಿಮಳೆಯಲ್ಲಿ ಬೂದಿ ರೋಗ ಅಂತ ಯಾರಾದರೂ ಫೋಟೋ ಕಳಿಸಿದರೆ ನಾನು ನಂಬುವುದಿಲ್ಲ, ಅದು ಬೇರೇನೋ ಇರುತ್ತದೆ.

ಮಾವು, ಗೇರು ಕಸಿ ಮಾಡುವವರಿಗೆ ದೊಡ್ಡ ಶತ್ರು ಕೊಲೆಟೋಟ್ರೈಕಮ್. ಕಸಿ ಕಟ್ಟುವುದೇ ಮಳೆಗಾಲದಲ್ಲಿ, ಗಾಳಿಯಲ್ಲಿ ತೇವ ಇದ್ದರೆ ಕಡ್ಡಿ ಹಿಡಿಯುವುದು ಸುಲಭ ಅಂತ. ಅದೇ ತೇವ ಇದಕ್ಕೂ ಹಬ್ಬ. ಚಿಗುರು ತಾಮ್ರದ ಬಣ್ಣದಲ್ಲಿ ಮೆತ್ತಗೆ ಇರುವಾಗಲೇ ಕಪ್ಪು ಚುಕ್ಕಿ ಬಿದ್ದು, ಎಲೆ ಸೊಟ್ಟಗಾಗಿ, ತೂತು ಬಿದ್ದು, ಕೊನೆಗೆ ಚಿಗುರೇ ಕಪ್ಪಗಾಗಿ ಬಾಗುತ್ತದೆ. ಎಲೆ ಬಲಿತು ಗಟ್ಟಿ ಹಸಿರಾದ ಮೇಲೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಹಾಗಾಗಿ ಕಾಯಬೇಕಾದದ್ದು ಚಿಗುರು ಒಡೆದು ಬಲಿಯುವವರೆಗಿನ ಕೆಲವು ದಿನ ಮಾತ್ರ. ಆ ದಿನಗಳಲ್ಲಿ ಕಸಿ ಗಿಡಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಇಡಿ. ಪಕ್ಕದ ನಾಲ್ಕೂ ಬದಿ ತೆರೆದಿರಲಿ. ಚಪ್ಪರ ಹಾಕಿ ಸುತ್ತಲೂ ಪ್ಲಾಸ್ಟಿಕ್ ಇಳಿಬಿಟ್ಟರೆ ಮಳೆ ತಪ್ಪಿಸಿ ಉಗಿಯೊಳಗೆ ಕೂರಿಸಿದ ಹಾಗಾಗುತ್ತದೆ. ದೊಡ್ಡ ಮಾವಿನ ಮರದ ಕೆಳಗೂ ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಕಾಫಿ ನರ್ಸರಿಯವರ ಪಾಡು ಇನ್ನೂ ಮಜಾ. ಮೊಳಕೆ ಮಡಿಯಲ್ಲಿ ರೈಜೋಕ್ಟೋನಿಯಾ ಅನ್ನುವ ಶಿಲೀಂಧ್ರ ಬಂದು ಕತ್ತು ಕೊಳೆತು ಸಸಿ ಅಡ್ಡಬೀಳುತ್ತದೆ, ಅದಕ್ಕೆ ಕಾರಣ ನೆರಳು ಜಾಸ್ತಿ, ನೀರು ಜಾಸ್ತಿ. ಸರಿ ಅಂತ ನೆರಳು ಕಮ್ಮಿ ಮಾಡಿದರೆ ಪ್ಯಾಕೆಟ್ ಸಸಿಗೆ ಸರ್ಕೋಸ್ಪೊರಾ ಎಲೆಚುಕ್ಕಿ. ನಡುವೆ ಬೂದು ಬಿಳುಪು, ಸುತ್ತ ಕಂದು ಉಂಗುರ, ಹೊರಗೆ ಹಳದಿ ಅಂಚು, ನೋಡಿದರೆ ಕಣ್ಣೇ ನಮ್ಮನ್ನು ದಿಟ್ಟಿಸುತ್ತಿರುವಂತೆ. ಇದು ಬಿಸಿಲಿಗೆ ಬಿದ್ದ, ಹೊಟ್ಟೆಗಿಲ್ಲದ ಸಸಿಯನ್ನು ಹಿಡಿಯುವ ರೋಗ. ಮಣ್ಣಿನಲ್ಲಿ ಸಾರಜನಕ ಕಮ್ಮಿಯಾಗಿದ್ದರೆ ಎಷ್ಟು ಔಷಧಿ ಹೊಡೆದರೂ ಹೊಸ ಎಲೆಗೆ ಮತ್ತೆ ಬರುತ್ತದೆ, ಸ್ವಲ್ಪ ಗೊಬ್ಬರ, ಸ್ವಲ್ಪ ನೆರಳು ಕೊಟ್ಟರೆ ತಂತಾನೇ ಇಳಿಯುತ್ತದೆ. ಮಾರಾಟವಾಗದೆ ವರ್ಷ ಕಳೆದ ಹಳೆಯ ಪ್ಯಾಕೆಟ್ ಗಿಡಗಳಲ್ಲಿ ಎಲೆಚುಕ್ಕಿ ಜಾಸ್ತಿ ಇರುವುದಕ್ಕೂ ಇಂಥದ್ದೇ ಕಾರಣ, ಕಾಫಿ ಮಾತ್ರ ಅಲ್ಲ. ಹಾಗಂತ ಯೂರಿಯಾ ಸುರಿಯಬೇಡಿ. ಯೂರಿಯಾ ತಿಂದು ಮೆತ್ತಗೆ ಉಬ್ಬಿದ ಎಲೆ ಬೇರೆ ರೋಗಗಳಿಗೆ ಒಳ್ಳೆ ಊಟ.

ಈಗ ರೋಗವೇ ಅಲ್ಲದವುಗಳ ಬಗ್ಗೆ. ಹೊಂಗೆ ಎಲೆ ಮೇಲೆ ಬೆರಳಿನ ಥರ, ಮೊಡವೆಯ ಥರ ಗಂಟುಗಂಟಾಗಿ ಎದ್ದಿರುತ್ತದಲ್ಲ, ಅದಕ್ಕೆ ಶಿಲೀಂಧ್ರನಾಶಕ ಹೊಡೆದು ಹೊಡೆದು ಸುಸ್ತಾದವರು ಬೇಕಾದಷ್ಟು ಜನ ಇದ್ದಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಶಿಲೀಂಧ್ರದ್ದಲ್ಲ. ನುಸಿ ಆ ಗಂಟಿನ ಒಳಗೇ ಸಂಸಾರ ಮಾಡಿಕೊಂಡಿರುತ್ತದೆ. ಸಸಿಯಲ್ಲಿ ಕಂಡರೆ ಎಲೆ ಕಿತ್ತು ಹಾಕಿ ಮುಗಿಸಿ. ಎಲೆ ಮೇಲೆ ಕಪ್ಪು ಮಸಿ ಹತ್ತಿದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ ಅಂದರೆ ಅದು ಎಲೆಯೊಳಗೆ ಹೊಕ್ಕಿಲ್ಲ. ಮೇಲೆಲ್ಲೋ ಹೇನೋ ಶಲ್ಕ ಕೀಟವೋ ಕೂತು ಸಿಹಿ ಅಂಟು ಸುರಿಸುತ್ತಿದೆ, ಅದರ ಮೇಲೆ ಬೆಳೆದ ಮಸಿ ಅದು. ಹುಡುಕಬೇಕಾದದ್ದು ಕೀಟವನ್ನು.

ಇನ್ನೊಂದು ಇದೆ, ಇದಕ್ಕೆ ಹಳೆಯ ನರ್ಸರಿಯವರೂ ಬೇಸ್ತು ಬೀಳುತ್ತಾರೆ. ಎಲೆಯ ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣದ, ಸ್ವಲ್ಪ ಎದ್ದ, ಮಖಮಲ್ಲು ಮುಟ್ಟಿದಂತೆ ಇರುವ ಗುಂಡು ಮಚ್ಚೆ. ತುಕ್ಕು ರೋಗ ಅಂತ ಹೇಳಿಬಿಡುತ್ತಾರೆ. ಅದು ಪಾಚಿ. ಸೆಫಲ್ಯೂರೋಸ್ ಅಂತ ಅದರ ಹೆಸರು. ಮಾವು, ಸಪೋಟ, ಲವಂಗ, ಗಾಳಿ ಬೆಳಕಿಲ್ಲದ ಒದ್ದೆ ಜಾಗದಲ್ಲಿ ಯಾವುದಕ್ಕೂ ಬರುತ್ತದೆ. ತಾಮ್ರದ ದ್ರಾವಣಕ್ಕೆ ಬಗ್ಗುತ್ತದೆ, ಜಾಗ ಬದಲಿಸಿದರೆ ಇನ್ನೂ ಬೇಗ ಬಗ್ಗುತ್ತದೆ. ಎಲೆಯ ಅಂಚು ಮಾತ್ರ ಒಂದೇ ಸಮ ಸುಟ್ಟಂತಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ಶೇಡ್ ನೆಟ್ ಒಮ್ಮೆಲೇ ತೆಗೆದ ಮಾರನೇ ದಿನ ಮೇಲಿನ ಎಲೆಗಳೆಲ್ಲ ಬಿಳಿಚಿ ಒಣಗಿದರೆ ಅದು ಬಿಸಿಲಿನ ಏಟು. ರೋಗ ಇಷ್ಟು ಶಿಸ್ತಾಗಿ, ಎಲ್ಲ ಗಿಡಕ್ಕೂ ಒಂದೇ ದಿನ, ಒಂದೇ ಎತ್ತರದಲ್ಲಿ ಬರುವುದಿಲ್ಲ.

ಅನುಮಾನ ಇದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಚುಕ್ಕಿ ಇರುವ ಎಲೆ ತೊಳೆದು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದ ಮೇಲೆ ಇಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಎರಡು ಮೂರು ದಿನ ನೆರಳಲ್ಲಿ ಬಿಡಿ. ಶಿಲೀಂಧ್ರ ಇದ್ದರೆ ಆ ತೇವಕ್ಕೆ ಹೊರಗೆ ಬರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ ಇದ್ದರೆ ಚುಕ್ಕಿಯ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಕಾಳು ಕಾಣುತ್ತದೆ, ಕೊಲೆಟೋಟ್ರೈಕಮ್ ಆದರೆ ಅದರ ಬಾಯಿಂದ ನಸುಗುಲಾಬಿ-ಕಿತ್ತಳೆ ಬಣ್ಣದ ಲೋಳೆಹನಿ ಉಕ್ಕಿರುತ್ತದೆ. ಅದೇ ಬೀಜಾಣು ಮುದ್ದೆ. ಒಂದು ಹನಿ ನೀರು ಬಿಟ್ಟರೆ ಕರಗಿ ಹರಡಿಬಿಡುತ್ತದೆ. ಸಿಡಿಯುವ ನೀರು ಯಾಕೆ ಅಪಾಯ ಅಂತ ಇದನ್ನು ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಡಬ್ಬಿಯನ್ನು ನರ್ಸರಿ ಒಳಗೆ ತೆರೆಯಬೇಡಿ, ಎಲೆ ಸುಟ್ಟು ಹಾಕಿ. ಏನೂ ಬರದೆ ಎಲೆ ಸುಮ್ನೆ ಕೊಳೆತರೆ ಅದು ಗೊಬ್ಬರದ್ದೋ ಬಿಸಿಲಿನದ್ದೋ ಇರುವ ಸಾಧ್ಯತೆ ಜಾಸ್ತಿ.

ಔಷಧಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಿಡದೆ ಹತ್ತು ದಿನ ಮಳೆ ಹೊಡೆದರೆ ಎಲೆ ಒಣಗಿಸಿ ಅಂತ ಯಾರಿಗೆ ಹೇಳುವುದು? ಮಳೆ ಹಿಡಿಯುವ ಮೊದಲು ಒಂದು ಸಲ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದುಕೊಳ್ಳುವುದು ಮಲೆನಾಡಿಗೆ ಹೊಸದೇನಲ್ಲ. ಫ್ರಾನ್ಸಿನ ಬೋರ್ಡೋ ಊರಿನ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಕಂಡುಕೊಂಡು 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿಗೆ ಇದನ್ನು ಗಟ್ಟಿಯಾಗಿ ತಂದದ್ದು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು, ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಅದು ಯಾವುದರಿಂದ ಬರುತ್ತದೆ ಅಂತ ಬಿಡಿಸಿ ಬರೆದು, ಮಳೆಗೆ ಮೊದಲೇ ಗೊನೆಗೆ ಬೋರ್ಡೋ ಹೊಡೆಯಿರಿ ಅಂದವರು. ಇವತ್ತಿಗೂ ಮೇ ಕೊನೆಗೆ ಕೊನೆಗೌಡರು (ಅಡಿಕೆ ಮರ ಹತ್ತುವ ಕೆಲಸದವರು) ಮರ ಹತ್ತುವುದು ಅದೇ ದ್ರಾವಣಕ್ಕಾಗಿ. ನಮ್ಮ ಊರುಗಳಲ್ಲಿ ಮೈಲುತುತ್ತ, ಸುಣ್ಣ, ರಾಳ ಇಲ್ಲದ ಅಡಿಕೆ ಮನೆ ಸಿಗುವುದಿಲ್ಲ, ಹಾಗಾಗಿ ನರ್ಸರಿಗೂ ಇದೇ ಅಗ್ಗ.

ಶೇಕಡಾ 1ರ ಬೋರ್ಡೋ ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎಳೆ ಸಸಿಗೆ ನಾನು ಅರ್ಧ ಶೇಕಡಾದ ಮೇಲೆ ಹೋಗುವುದಿಲ್ಲ, ಮೈಲುತುತ್ತ, ಸುಣ್ಣ ಎರಡೂ ಅರ್ಧ ಅರ್ಧ ಕಿಲೋ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಿ, ತಣ್ಣಗಾದ ಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ತಿರುಗಿಸುತ್ತಾ ಇರಬೇಕು. ಉಲ್ಟಾ ಸುರಿದರೆ ದ್ರಾವಣ ಒರಟಾಗಿ ಬೇಗ ತಳ ಸೇರುತ್ತದೆ, ನಾಝಲ್ ಕಟ್ಟುತ್ತದೆ. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಪದರ ಕೂತಿದ್ದರೆ ಬಿಡಿ ತಾಮ್ರ ಇನ್ನೂ ಉಳಿದಿದೆ, ಹಾಗೇ ಹೊಡೆದರೆ ಚಿಗುರು ಸುಡುತ್ತದೆ. ಸುಣ್ಣದ ತಿಳಿನೀರು ಇನ್ನಷ್ಟು ಹಾಕಿ ಮತ್ತೆ ಅದ್ದಿ, ಚಾಕು ಹೊಳೆಯುತ್ತಲೇ ಇರುವವರೆಗೆ. ಅಂಗಡಿಯ ಹಳೆ ಸುಣ್ಣ ಗಾಳಿ ಕುಡಿದು ಸತ್ತಿರುತ್ತದೆ, ಅದಕ್ಕೇ ಕಿಲೋಗೆ ಕಿಲೋ ಲೆಕ್ಕ ಎಷ್ಟೋ ಸಲ ಸರಿಹೋಗುವುದಿಲ್ಲ. ಮಾಡಿದ್ದನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಟ್ಟರೆ ಸತ್ವ ಇಲ್ಲ. ಮೋಡ ಕವಿದು ಎಲೆ ಆರದ ದಿನ ಹೊಡೆಯಬಾರದು, ತಾಮ್ರ ಎಲೆ ಮೇಲೆ ಹೆಚ್ಚು ಹೊತ್ತು ಕರಗಿ ನಿಂತರೆ ಅದೇ ಚುಕ್ಕಿ ಮಾಡುತ್ತದೆ, ಆಮೇಲೆ ಅದನ್ನೂ ರೋಗ ಅಂದುಕೊಂಡು ಇನ್ನೊಂದು ರೌಂಡ್ ಹೊಡೆಯುವವರು ಇದ್ದಾರೆ.

ಬೋರ್ಡೋ, ಮ್ಯಾಂಕೋಜೆಬ್ ಇವೆರಡೂ ಎಲೆ ಮೇಲೆ ಕೂತು ಕಾಯುವಂಥವು, ಬೀಜಾಣು ಮೊಳೆಯುವ ಮೊದಲೇ ಅಲ್ಲಿರಬೇಕು. ಚುಕ್ಕಿ ತುಂಬಿದ ಮೇಲೆ ಹೊಡೆದರೆ ಹೊಸ ಎಲೆ ಉಳಿಯಬಹುದು, ಹಳೆಯದು ವಾಸಿಯಾಗುವುದಿಲ್ಲ. ಕಾರ್ಬೆಂಡಜಿಮ್, ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಎಲೆಯೊಳಗೆ ಇಳಿಯುವಂಥವು. ಅಂಗಡಿಯವರು ಇವನ್ನೇ ಮೊದಲು ಕೊಡುವುದು. ಒಂದನ್ನೇ ಪದೇ ಪದೇ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ, ಕಾರ್ಬೆಂಡಜಿಮ್ ವಿಷಯದಲ್ಲಂತೂ ಇದು ಜಗತ್ತಿನಾದ್ಯಂತ ಆಗಿರುವ ಕಥೆ. ಹಾಗಾಗಿ ಅದು ಬೇಕೇ ಬೇಕು ಅನ್ನಿಸಿದ ದಿನಕ್ಕೆ ಮಾತ್ರ ಇಟ್ಟುಕೊಳ್ಳಿ, ಔಷಧಿ ಪ್ಯಾಕೆಟ್ ಮೇಲಿನ ಪ್ರಮಾಣ ಮೀರಬೇಡಿ, ಎಲೆಯ ಅಡಿಭಾಗಕ್ಕೆ ತಾಗುವ ಹಾಗೆ ನಾಝಲ್ ಮೇಲ್ಮುಖ ಮಾಡಿ ಹೊಡೆಯಿರಿ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಶೇಡ್ ನೆಟ್ ಕೆಳಗೆ ಬಗ್ಗಿ ಹೊಡೆಯುವಾಗ ಮಂಜು ಮುಖಕ್ಕೇ ವಾಪಸ್ ಬರುತ್ತದೆ.

ಸಸಿ ಕೊಳ್ಳಲು ಹೋಗುವವರಿಗೆ ಎರಡು ಮಾತು. ಅಂಚಿನ ಗಿಡ ನೋಡಿ ಬೆಲೆ ಮಾತಾಡಬೇಡಿ, ಮಡಿ ನಡುವಿನಿಂದ ನಾಲ್ಕಾರು ಪ್ಯಾಕೆಟ್ ಎತ್ತಿಸಿ ಕೆಳ ಎಲೆ ತಿರುಗಿಸಿ ನೋಡಿ. "ಅಣ್ಣ, ಕೆಳಗಿನ ಎಲೆ ಎಲ್ಲ ಎಲ್ಲಿ ಹೋಯ್ತು?" ಅಂತ ಕೇಳಿ. ಎತ್ತರದ ಸಸಿ ಅಂತ ಖುಷಿಪಡುವ ಮೊದಲು ತುದಿಯಲ್ಲಿ ಮಾತ್ರ ನಾಲ್ಕು ಎಲೆ ಇದೆಯಾ, ಕೆಳಗೆಲ್ಲ ಬೋಳು ಕಾಂಡವಾ ನೋಡಿಕೊಳ್ಳಿ. ಮಾರುವ ಹಿಂದಿನ ದಿನ ಚುಕ್ಕಿ ಎಲೆ ಚಿವುಟಿದ ಗಿಡದಲ್ಲಿ ತೊಟ್ಟು ಕಿತ್ತ ಗಾಯ ಇನ್ನೂ ಹಸಿಯಾಗಿರುತ್ತದೆ. ತಂದ ಸಸಿಯನ್ನು ನೇರ ತೋಟಕ್ಕೆ ಒಯ್ಯದೆ ಎರಡು ಮೂರು ವಾರ ಮನೆ ಹತ್ತಿರ ಬೇರೆಯೇ ಇಟ್ಟು ನೋಡಿದರೆ, ಒಳಗೆ ಅಡಗಿದ್ದದ್ದು ಅಷ್ಟರಲ್ಲಿ ಬಹುಮಟ್ಟಿಗೆ ಹೊರಗೆ ಬಂದಿರುತ್ತದೆ.

ಇಷ್ಟಾದ ಮೇಲೂ ಯಾವ ರೋಗ ಅಂತ ತಿಳಿಯದಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಒಯ್ಯಿರಿ. ಕಾಡುಜಾತಿ ಸಸಿಯಾದರೆ ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ, ಬೆಂಗಳೂರು ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು. ಪೂರ್ತಿ ಸತ್ತ ಎಲೆ ಬೇಡ, ಅದರಲ್ಲಿ ಕೊಳೆ ತಿನ್ನಲು ಆಮೇಲೆ ಬಂದ ಶಿಲೀಂಧ್ರಗಳೇ ಸಿಗುತ್ತವೆ. ಚುಕ್ಕಿ ಈಗಷ್ಟೇ ಶುರುವಾದದ್ದು, ಅರ್ಧ ಹರಡಿದ್ದು, ಜೊತೆಗೆ ಒಂದು ಆರೋಗ್ಯದ ಎಲೆ, ಮೂರೂ ಇರಲಿ. ನೀರೆಲ್ಲ ಒರೆಸಿ ಹಳೆ ಪೇಪರ್ ಹಾಳೆಗಳ ನಡುವೆ ಇಟ್ಟು ಒಯ್ಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ದಾರಿಯಲ್ಲೇ ಬೆಂದು ಕೊಳೆಯುತ್ತದೆ. ಪೇಪರ್ ಅಂಚಿನಲ್ಲಿ ಗಿಡದ ಹೆಸರು, ಕಿತ್ತ ದಿನ, ಯಾವ ಔಷಧಿ ಯಾವತ್ತು ಹೊಡೆದಿದ್ದೀರಿ ಅಂತ ಬರೆಯಿರಿ, ಮತ್ತೆ ನೀರು ಹಾಕುವ ಹೊತ್ತನ್ನೂ.